‘ಸ್ಥಿತಿಸ್ಥಾಪಕ’ ಎಂಬ ಪದವನ್ನು ಬಳಸುವ ಬಗೆ

ಮಡಿಕೇರಿಯ ಅಂಗಡಿಯಲ್ಲಿ ‘ಎಲಾಸ್ಟಿಕ್’ ಎಂದು ಕೇಳಿದರೆ ಲಂಗ, ಚಡ್ಡಿಗಳ ಸೊಂಟಕ್ಕೆ ಹೊಲಿಯುವ ಪಟ್ಟಿಯನ್ನು ಕೊಡುತ್ತಾರೆ. ಆ ವಸ್ತುವಿಗೆ ಅದೇ ಹೆಸರು ಸಾಕು, ಕನ್ನಡೀಕರಿಸುವ ಹಟ ಬೇಡ. ಎಳೆದು ಬಿಟ್ಟರೆ ಮೊದಲಿನಂತಾಗುವ ಅದರ ಗುಣವನ್ನು ಹೇಳಬೇಕಾದಾಗ ‘ಸ್ಥಿತಿಸ್ಥಾಪಕ’ ಎಂಬ ವಿಶೇಷಣವನ್ನೂ ‘ಸ್ಥಿತಿಸ್ಥಾಪಕತ್ವ’ ಎಂಬ ನಾಮಪದವನ್ನೂ ಬಳಸಬೇಕು.

ಬಳಸುವ ಮುನ್ನ, ಬಲವನ್ನು ತೆಗೆದ ಮೇಲೆ ವಸ್ತು ಮೊದಲಿನ ಆಕಾರಕ್ಕೆ ಮರಳುತ್ತದೆಯೇ ಎಂದು ಕೇಳಿಕೊಳ್ಳಿ. ಎಳೆದು ಬಿಟ್ಟ ರಬ್ಬರ್ ಮರಳುತ್ತದೆ. ಅಕ್ಕಿರೊಟ್ಟಿಯ ಹಿಟ್ಟು ತಟ್ಟಿದ ಆಕಾರದಲ್ಲೇ ಉಳಿಯುವುದರಿಂದ ಅದಕ್ಕೆ ಈ ಪದ ಸಲ್ಲದು. ಬುಟ್ಟಿ ಹೆಣೆಯುವಾಗ ಮುರಿಯದೆ ಬಾಗುವ ಬಿದಿರಿನ ಸೀಳನ್ನು ‘ನಮ್ಯ’ ಅಥವಾ ಇನ್ನೂ ಸಹಜವಾಗಿ ‘ಬಳುಕುವ’ ಎನ್ನಬಹುದು. ಹೆಚ್ಚು ಹಿಗ್ಗುವುದೇ ಹೆಚ್ಚು ಸ್ಥಿತಿಸ್ಥಾಪಕ ಎಂಬುದು ಬಹುಮಂದಿಯ ತಪ್ಪು ತಿಳಿವಳಿಕೆ: ಭೌತಶಾಸ್ತ್ರದ ಲೆಕ್ಕದಲ್ಲಿ, ಆಕಾರಬದಲಾವಣೆಯನ್ನು ಹೆಚ್ಚು ಬಲವಾಗಿ ಪ್ರತಿರೋಧಿಸುವ ಉಕ್ಕು ರಬ್ಬರನ್ನು ಮೀರಿಸುತ್ತದೆ. ಹಿಗ್ಗುವಿಕೆಯು ಎಳೆಯುವ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವೂ ಒಂದು ಮಿತಿಯವರೆಗೆ ಮಾತ್ರ ನಡೆಯುತ್ತದೆ. ಆ ಮಿತಿಯನ್ನು ಬಹಳ ದಾಟಿ ಜೋಲಾದ ಸ್ಪ್ರಿಂಗ್ ಹಿಂದಿನ ಉದ್ದಕ್ಕೆ ಬಾರದು.

ಅರ್ಥಶಾಸ್ತ್ರದಲ್ಲಿ ಇದೇ ಪದವು ಬೆಲೆ ಬದಲಾದಾಗ ಬೇಡಿಕೆ ಅಥವಾ ಪೂರೈಕೆ ಎಷ್ಟು ಬದಲಾಗುತ್ತದೆ ಎಂಬುದನ್ನು ಸೂಚಿಸುತ್ತದೆ. ಕಾಫಿಯ ಬೆಲೆ ಏರಿತೆಂದು ಈಗ ನೆಟ್ಟ ಗಿಡ ಫಸಲು ಕೊಡಲು ಮೂರು-ನಾಲ್ಕು ವರ್ಷ ಬೇಕಾದ್ದರಿಂದ, ‘ಕಾಫಿಯ ಪೂರೈಕೆ ಅಲ್ಪಾವಧಿಯಲ್ಲಿ ಅಸ್ಥಿತಿಸ್ಥಾಪಕ’ ಎಂದು ಬರೆಯುವುದು ಸರಿಯಾದ ಪ್ರಯೋಗ. ಮನುಷ್ಯರ ಸ್ವಭಾವಕ್ಕೆ ಮಾತ್ರ ಈ ಭಾರದ ಪದವನ್ನು ಹೊರಿಸದೆ ‘ಹೊಂದಿಕೊಳ್ಳುವವರು’ ಎಂದರೆ ಸಾಕು.