ನಾಲೆಯ ಮೇಲೆ, ನಾಲೆಯ ಕೆಳಗೆ: ಪಾಂಡವಪುರ–ಮೇಲುಕೋಟೆ ಸೀಮೆಯಲ್ಲಿ ಗ್ರಾವೆಲ್ ಸೈಕಲ್ ದಾರಿ ಹುಡುಕುವ ಬಗೆ

ಮಂಡ್ಯ ಜಿಲ್ಲೆಯ ನಕ್ಷೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಗೆರೆಯನ್ನು ಗುರುತಿಸಿಕೊಂಡರೆ ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿಯ ದಾರಿಗೆಂದೇ ಮಾಡಿದ ಅಗಲ ಟೈರಿನ ಸೈಕಲ್) ಸವಾರನ ಅರ್ಧ ಕೆಲಸ ಮುಗಿದಂತೆಯೇ. ಕೃಷ್ಣರಾಜಸಾಗರದಿಂದ ಹೊರಡುವ ಈ ನಾಲೆಯು ನೆಲದ ಮಟ್ಟವನ್ನು ಅನುಸರಿಸಿ ಸುತ್ತಿ ಬಳಸಿ ಸಾಗುವುದರಿಂದ, ಅದರ ಕೆಳಭಾಗದಲ್ಲಿ ಭತ್ತದ ಗದ್ದೆ ಮತ್ತು ಕಬ್ಬಿನ ತೋಟಗಳೂ ಮೇಲ್ಭಾಗದಲ್ಲಿ ರಾಗಿ, ಹುರುಳಿ, ಅವರೆಯ ಮಳೆಯಾಶ್ರಿತ ಹೊಲಗಳೂ ಹರಡಿಕೊಂಡಿವೆ. ಕೆಳಗಿನ ದಾರಿಗಳು ನೀರುಂಡ ಮಣ್ಣಿನವು. ಮಳೆ ಬಿದ್ದ ಮಾರನೆಯ ದಿನ ಅಲ್ಲಿ ಚಕ್ರ ಉರುಳುವುದಿಲ್ಲ. ಮೇಲಿನ ದಾರಿಗಳು ಬಹುಪಾಲು ಕೆಂಪು ಗರಸು ಮಣ್ಣಿನವು; ನೀರು ಇಂಗಿಹೋಗಿ ಅರ್ಧ ದಿನದಲ್ಲಿ ಗಟ್ಟಿಯಾಗುತ್ತವೆ. ಈ ಸೀಮೆಯಲ್ಲಿ ದಾರಿಯನ್ನು ಆರಿಸುವಾಗ ಕಿಲೋಮೀಟರ್ ಲೆಕ್ಕಕ್ಕಿಂತ ಮೊದಲು ನೋಡಬೇಕಾದದ್ದು ನೀರು ಎಲ್ಲಿದೆ, ಬೆಳೆ ಯಾವ ಹಂತದಲ್ಲಿದೆ ಎಂಬುದನ್ನು.

ಸೈಕಲ್ಲಿನ ವಿಚಾರವನ್ನು ಚಿಕ್ಕದಾಗಿ ಹೇಳಿಬಿಡಬಹುದು. 40 ಮಿ.ಮೀ. ಅಗಲದ ಟೈರು ಈ ನೆಲಕ್ಕೆ ಸಾಕು. 45 ಇದ್ದರೆ ಇನ್ನೂ ನೆಮ್ಮದಿ. ಸವಾರರ ತೂಕಕ್ಕೆ ತಕ್ಕಂತೆ 30ರಿಂದ 40 ಪಿಎಸ್ಐವರೆಗೆ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಸಿಕೊಂಡರೆ ಜಲ್ಲಿಯ ಮೇಲೆ ಚಕ್ರ ಪುಟಿಯುವುದಿಲ್ಲ. ಬೇಲಿಗೆ ಕಡಿದು ಹಾಕಿದ ಜಾಲಿಯ ಮುಳ್ಳು ದಾರಿಯುದ್ದಕ್ಕೂ ಬಿದ್ದಿರುವುದರಿಂದ ಟ್ಯೂಬ್‌ಲೆಸ್ ಟೈರಿನೊಳಗೆ ಸೀಲಂಟ್ (ತೂತನ್ನು ತಾನೇ ಮುಚ್ಚುವ ದ್ರವ) ಹಾಕಿಸಿಕೊಂಡು ಹೋಗುವುದು ಲೇಸು. ಆದರೂ ಒಂದು ಟ್ಯೂಬು, ಪಂಪು ಮತ್ತು ಚೈನ್ ಕೊಂಡಿ ಜೊತೆಗಿರಲಿ. ಹಳ್ಳಿಯ ಪಂಚರ್ ಅಂಗಡಿಯಲ್ಲಿ ಮೋಟಾರ್ ಸೈಕಲ್ಲಿಗೆ ಬೇಕಾದದ್ದೆಲ್ಲ ಸಿಗುತ್ತದೆಯೇ ಹೊರತು ನಮ್ಮ ಸೈಕಲ್ಲಿನ ಅಳತೆಯ ಟ್ಯೂಬು ಸಿಗುವುದು ಅಪರೂಪ.

ದಾರಿ ಹುಡುಕುವುದಕ್ಕೆ ಮೊಬೈಲಿನ ಉಪಗ್ರಹ ಚಿತ್ರವನ್ನಷ್ಟೇ ನೆಚ್ಚಿಕೊಳ್ಳುವುದು ಸಾಲದು. ಚಿತ್ರದಲ್ಲಿ ದಾರಿಯಂತೆ ಕಾಣುವ ಕಂದು ಗೆರೆಯು ಯಾರದೋ ಜಮೀನಿನ ಬದುವಾಗಿರಬಹುದು, ಅಥವಾ ನೀರು ಬಿಡದ ಕಾಲದಲ್ಲಿ ತೆಗೆದ ಸೀಳುನಾಲೆಯಾಗಿರಬಹುದು. ಇದಕ್ಕಿಂತ ಉಪಯುಕ್ತವಾದದ್ದು ಭೂಮಾಪನ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದಾದ ಗ್ರಾಮ ನಕಾಶೆ. ಅದರಲ್ಲಿ ಸರ್ವೆ ನಂಬರುಗಳ ನಡುವೆ ಹಾದುಹೋಗುವ ಬಂಡಿದಾರಿ ಮತ್ತು ಕಾಲುದಾರಿಗಳನ್ನು ಬೇರೆಬೇರೆಯಾಗಿ ಗುರುತಿಸಿರುತ್ತಾರೆ, ಯಾವ ಗೆರೆ ಯಾವುದಕ್ಕೆಂಬ ವಿವರ ನಕಾಶೆಯಲ್ಲಿಯೇ ಇರುತ್ತದೆ. ಹಳ್ಳಿಗಳಲ್ಲಿ ಜನ "ನಕಾಶೆ ಕಂಡ ದಾರಿ" ಎಂದು ಒತ್ತಿ ಹೇಳುವುದು ಇದನ್ನೇ. ಅಂಥ ದಾರಿಯಲ್ಲಿ ಓಡಾಡುವುದಕ್ಕೆ ಸಾಮಾನ್ಯವಾಗಿ ಯಾರ ಆಕ್ಷೇಪವೂ ಇರುವುದಿಲ್ಲ. ನಕಾಶೆಯಲ್ಲಿ ಇಲ್ಲದೆ ರೂಢಿಯಿಂದ ಬಂದ ದಾರಿಗಳು ಹಾಗಲ್ಲ. ಅಕ್ಕಪಕ್ಕದ ಜಮೀನಿನವರ ನಡುವೆ ಅವುಗಳ ಬಗ್ಗೆ ವ್ಯಾಜ್ಯ ಇರುವುದುಂಟು, ಅಂಥ ಕಡೆ ಹೊರಗಿನವರು ಕೇಳಿಯೇ ಹೋಗಬೇಕು. ನಕಾಶೆ ಹಳೆಯದಾದ್ದರಿಂದ ಅದರಲ್ಲಿರುವ ಬಂಡಿದಾರಿಯನ್ನು ಕಬ್ಬು ನುಂಗಿಹಾಕಿರುವ ಸಾಧ್ಯತೆಯೂ ಇದೆ. ಆದ್ದರಿಂದ ನಕಾಶೆ ಮತ್ತು ಉಪಗ್ರಹ ಚಿತ್ರ ಎರಡರಲ್ಲೂ ಕಾಣುವ ದಾರಿಯನ್ನು ಮಾತ್ರ ಮೊದಲ ಸಲಕ್ಕೆ ಆರಿಸಿಕೊಳ್ಳಿ.

ಸ್ಥಳದಲ್ಲಿ ಕೇಳುವ ಪ್ರಶ್ನೆಯೂ ಸರಿಯಾಗಿರಬೇಕು. "ಅಣ್ಣಾ, ಈ ದಾರಿ ಮುಂದಕ್ಕೆ ಹೋಯ್ತದಾ?" ಎಂದು ಕೇಳಿದರೆ "ಹೋಯ್ತದೆ" ಎಂಬ ಉತ್ತರವೇ ಬರುತ್ತದೆ, ಏಕೆಂದರೆ ನಡೆದು ಹೋಗುವವರಿಗೆ ಎಲ್ಲ ದಾರಿಯೂ ಮುಂದಕ್ಕೆ ಹೋಗುತ್ತದೆ. ಅದರ ಬದಲು "ಈಚೆಗೆ ಟ್ರ್ಯಾಕ್ಟರ್ ಹೋಗ್ಯದಾ ಇದರಲ್ಲಿ?" ಎಂದು ಕೇಳಬೇಕು. ಟ್ರ್ಯಾಕ್ಟರ್ ಹೋಗಿದ್ದರೆ ಹಳ್ಳ ದಾಟುವ ಕಡೆ ಮೋರಿಯೋ ಕಲ್ಲುಹಾಸೋ ಸಾಮಾನ್ಯವಾಗಿ ಇರುತ್ತದೆ.

ಮೊದಲ ಸಲ ಬರುವವರಿಗೆ ಪಾಂಡವಪುರದಿಂದ ತೊಣ್ಣೂರು ಕೆರೆ, ಜಕ್ಕನಹಳ್ಳಿ, ಮೇಲುಕೋಟೆಯ ಕಡೆಗೆ ಹೋಗುವ ದಿಕ್ಕು ಒಳ್ಳೆಯದು, ಏಕೆಂದರೆ ಈ ಸೀಮೆಯ ಎಲ್ಲ ಬಗೆಯ ನೆಲವೂ ಒಂದೇ ಹಗಲಿನಲ್ಲಿ ಚಕ್ರದ ಕೆಳಗೆ ಬರುತ್ತದೆ. ಪಾಂಡವಪುರದ ಪಕ್ಕದ ಕುಂತಿಬೆಟ್ಟದ ಬುಡದಿಂದಲೇ ಬಂಡೆಗಳ ನಡುವಿನ ಒರಟು ದಾರಿಗಳು ಸಿಗತೊಡಗುತ್ತವೆ. ಬೇಬಿಬೆಟ್ಟದ ಕಡೆಯ ಕ್ವಾರಿ ದಾರಿಗಳು ನಕ್ಷೆಯಲ್ಲಿ ಎಷ್ಟೇ ಅಗಲವಾಗಿ ಕಂಡರೂ ಅತ್ತ ಹೋಗಬೇಡಿ. ಅಲ್ಲಿನ ಸಡಿಲ ಜಲ್ಲಿಗೆ ಬ್ರೇಕು ಹಿಡಿಯುವುದಿಲ್ಲ. ತೊಣ್ಣೂರು ಕೆರೆಯು ಹೊಯ್ಸಳರ ವಿಷ್ಣುವರ್ಧನ ಮತ್ತು ರಾಮಾನುಜಾಚಾರ್ಯರ ನೆನಪಿನೊಂದಿಗೆ ಬೆಸೆದುಕೊಂಡಿದೆ. ಅದರ ತಿಳಿನೀರನ್ನು ಕಂಡೇ ಮೋತಿ ತಲಾಬ್ ಎಂಬ ಇನ್ನೊಂದು ಹೆಸರೂ ಬಂತೆಂದು ಹೇಳುತ್ತಾರೆ. ಕೆರೆಯ ಏರಿಯ ಮೇಲೆ ಭಾನುವಾರ ಜನಜಂಗುಳಿ ಇರುವುದರಿಂದ ಬೆಳಿಗ್ಗೆ ಎಂಟರೊಳಗೆ ಅದನ್ನು ದಾಟಿಬಿಡುವುದು ಒಳ್ಳೆಯದು. ಇಳಿದು ಈಜುವ ಆಸೆಯನ್ನು ಬಿಡಬೇಕು, ಆ ಕೆರೆ ಆಳವಾದದ್ದು.

ತೊಣ್ಣೂರಿನಿಂದ ಜಕ್ಕನಹಳ್ಳಿಯ ದಿಕ್ಕಿಗೆ ಹಳ್ಳಿಯಿಂದ ಹಳ್ಳಿಗೆ ಹೋಗುವ ಬಂಡಿದಾರಿಗಳೇ ಈ ಸವಾರಿಯ ತಿರುಳು. ಕೆಂಪು ನೆಲದ ಮೇಲೆ ಎರಡು ಗಾಲಿ ಜಾಡು, ನಡುವೆ ಹುಲ್ಲಿನ ಪಟ್ಟಿ, ಎರಡೂ ಕಡೆ ಕತ್ತಾಳೆ ಬೇಲಿ. ಇಲ್ಲಿ ವೇಗ ಗಂಟೆಗೆ 12ರಿಂದ 15 ಕಿ.ಮೀ. ಮೀರುವುದಿಲ್ಲ, ಮೀರಿಸುವ ಪ್ರಯತ್ನವೂ ಬೇಡ. ಜಾಡು ಆಳವಾಗಿರುವ ಕಡೆ ಒಂದು ಜಾಡಿನಿಂದ ಇನ್ನೊಂದಕ್ಕೆ ಓರೆಯಾಗಿ ಹತ್ತಲು ಹೋದರೆ ಮುಂದಿನ ಚಕ್ರ ಅಂಚಿಗೆ ಸಿಕ್ಕಿ ಜಾರುತ್ತದೆ. ವೇಗ ತಗ್ಗಿಸಿ, ಹ್ಯಾಂಡಲನ್ನು ನೇರಕ್ಕೆ ತಂದು, ಆದಷ್ಟು ಅಡ್ಡಡ್ಡಲಾಗಿ ದಾಟಬೇಕು. ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಡಾಂಬರು ರಸ್ತೆಯೇ ಸರಿ. ಮೇಲುಕೋಟೆ ಬೆಟ್ಟದ ಮೇಲಿದ್ದು, ಶ್ರೀರಂಗಪಟ್ಟಣಕ್ಕಿಂತ ಬಹಳ ಎತ್ತರದಲ್ಲಿದೆ. ಪಕ್ಕದ ಕುರುಚಲು ಕಾಡು ವನ್ಯಧಾಮಕ್ಕೆ ಸೇರಿದ್ದು. ಅನುಮತಿಯಿಲ್ಲದೆ ಅದರೊಳಗಿನ ದಾರಿಗಳಿಗೆ ಸೈಕಲ್ ಇಳಿಸುವುದು ಅಪರಾಧ, ಚಿರತೆಯ ಓಡಾಟವೂ ಉಂಟು. ಮಾರ್ಚ್–ಏಪ್ರಿಲ್ ಸುಮಾರಿಗೆ ಬರುವ ವೈರಮುಡಿ ಉತ್ಸವದ ದಿನಗಳನ್ನು ಬಿಟ್ಟು ಬೇರೆ ದಿನ ಬಂದರೆ ಕಲ್ಯಾಣಿಯ ಹತ್ತಿರ ಕುಳಿತು ಪುಳಿಯೋಗರೆ ತಿನ್ನುವುದಕ್ಕೂ ಬಿಡುವಿರುತ್ತದೆ.

ಬೆಟ್ಟ ಹತ್ತುವ ಮನಸ್ಸಿಲ್ಲದವರಿಗೆ ನಾಲೆಯ ಏರಿಯ ದಾರಿ ಇದೆ. ಅದು ಸಮತಟ್ಟಾಗಿದೆ, ದಿಕ್ಕು ತಪ್ಪುವ ಭಯವಿಲ್ಲ, ಆದರೂ ನನ್ನ ಲೆಕ್ಕದಲ್ಲಿ ಈ ಸೀಮೆಯ ಅತ್ಯಂತ ಅಪಾಯದ ದಾರಿ ಅದೇ. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಬಸ್ಸೊಂದು ಈ ನಾಲೆಗೆ ಬಿದ್ದು 30 ಜನ ಪ್ರಾಣ ಕಳೆದುಕೊಂಡರು. ನೀರು ತುಂಬಿ ಹರಿಯುವಾಗ ಕಾಂಕ್ರೀಟಿನ ಇಳಿಜಾರು ದಡವನ್ನು ಹಿಡಿದು ಮೇಲೆ ಬರುವುದು ಈಜು ಬಲ್ಲವರಿಗೂ ಕಷ್ಟ. ಆದ್ದರಿಂದ ಏರಿಯ ಮೇಲೆ ನೀರಿನ ಕಡೆಯ ಅಂಚನ್ನು ಬಿಟ್ಟು ಗದ್ದೆಯ ಕಡೆಗೇ ಸಾಗಬೇಕು, ಇಬ್ಬರು ಪಕ್ಕಪಕ್ಕದಲ್ಲಿ ಹೋಗಬಾರದು, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಇಳಿದು ನಿಲ್ಲಬೇಕು. ಹುಲಿಕೆರೆಯ ಬಳಿ ನಾಲೆಯು ಎರಡೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗದೊಳಕ್ಕೆ ಇಳಿಯುವುದರಿಂದ ಅಲ್ಲಿ ಏರಿಯ ದಾರಿ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಬಳಸು ದಾರಿಯನ್ನು ಮೊದಲೇ ಗುರುತು ಹಾಕಿಕೊಂಡಿರಿ. ಮಕ್ಕಳೊಂದಿಗೆ ಬರುವವರು ಏರಿಯನ್ನೇ ಬಿಟ್ಟುಬಿಡುವುದು ಸರಿ.

ಕಾಲದ ಮಟ್ಟಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗೆ ಅನುಕೂಲ. ಆದರೆ ಡಿಸೆಂಬರ್, ಜನವರಿಯಲ್ಲಿ ಹಳ್ಳಿಯ ಡಾಂಬರು ರಸ್ತೆಗಳೇ ಕಣಗಳಾಗುತ್ತವೆ. ವಾಹನದ ಗಾಲಿಗೆ ಸಿಕ್ಕಿ ಕಾಳು ಉದುರಲೆಂದು ರಾಗಿ ತೆನೆ, ಹುರುಳಿ ಗಿಡಗಳನ್ನು ರಸ್ತೆಯಗಲಕ್ಕೂ ಹರಡಿರುತ್ತಾರೆ. ಸೈಕಲ್ಲಿಗೆ ಅದು ದೊಡ್ಡ ತೊಂದರೆ: ಒಣಗಿದ ಹುರುಳಿ ಬಳ್ಳಿ ಹಿಂದಿನ ಚಕ್ರದ ಗಿಯರ್ ಹಲ್ಲುಗಳ ನಡುವೆ ಸುತ್ತಿಕೊಂಡರೆ ಡಿರೇಲರ್ (ಚೈನನ್ನು ಗಿಯರಿನಿಂದ ಗಿಯರಿಗೆ ಸರಿಸುವ ಭಾಗ) ಒಳಕ್ಕೆ ಎಳೆದುಕೊಂಡು ಮುರಿಯಬಹುದು, ಮತ್ತು ಆ ಬಳ್ಳಿಯನ್ನು ಬಿಡಿಸುವುದಕ್ಕೆ ಬೆರಳು ಸಾಲದೆ ಚಾಕುವೇ ಬೇಕಾಗುತ್ತದೆ. ಒಕ್ಕಣೆ ಕಂಡಲ್ಲಿ ಇಳಿದು ಸೈಕಲ್ಲನ್ನು ಎತ್ತಿಕೊಂಡು ಅಂಚಿನಲ್ಲಿ ನಡೆದರೆ ಸೈಕಲ್ಲೂ ಉಳಿಯುತ್ತದೆ, ಒಕ್ಕಣೆಯವರಿಗೂ ಬೇಸರವಾಗುವುದಿಲ್ಲ.

ಬೆಂಗಳೂರಿನಿಂದ ಬರುವವರು ಗಮನಿಸಬೇಕಾದದ್ದು ಒಂದಿದೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೂ ಸೈಕಲ್ಲುಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು. ರೈಲಿನಲ್ಲಾದರೆ ಸೈಕಲ್ಲನ್ನು ಲಗೇಜ್ ಬೋಗಿಗೆ ಬುಕ್ ಮಾಡಬೇಕಾಗುತ್ತದೆ. ಪಾಂಡವಪುರದಂಥ ಸಣ್ಣ ನಿಲ್ದಾಣದಲ್ಲಿ ಗಾಡಿ ನಿಲ್ಲುವ ಸ್ವಲ್ಪ ಹೊತ್ತಿನಲ್ಲಿ ಅದನ್ನು ಇಳಿಸಿಕೊಳ್ಳುವ ಪಾಡು ಬೇಡವೆಂದರೆ ಮೈಸೂರಿಗೆ ಬುಕ್ ಮಾಡಿ ಅಲ್ಲಿಂದ ಸವಾರಿ ಹೊರಡಬಹುದು. ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುವುದರಿಂದ, ಮಧ್ಯಾಹ್ನ ಎರಡಾದರೂ ಮೇಲುಕೋಟೆ ಮುಟ್ಟದಿದ್ದರೆ ಹಿಂದಕ್ಕೆ ಬರುವಾಗ ಬಂಡಿದಾರಿಯನ್ನು ಕೈಬಿಟ್ಟು ಜಕ್ಕನಹಳ್ಳಿಯಿಂದ ಡಾಂಬರು ರಸ್ತೆಯಲ್ಲೇ ಪಾಂಡವಪುರಕ್ಕೆ ಇಳಿಯಿರಿ.