ಗೆಳೆಯರ ಜತೆ ವಿಸ್ಕಿ ರುಚಿ ನೋಡುವುದು ಹೇಗೆ? ಮೊದಲು ಲೇಬಲ್ ಮುಚ್ಚಿ

ವಿಸ್ಕಿ ಕುಡಿಯುವುದು ಬೇರೆ, ನಾಲ್ಕು ವಿಸ್ಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಹೋಲಿಸಿ ನೋಡುವುದೇ ಬೇರೆ. ಎರಡನೆಯದಕ್ಕೆ ವಿಸ್ಕಿ ಕಡಿಮೆ ಸಾಕು, ಗಮನ ಜಾಸ್ತಿ ಬೇಕು. ಒಂದೇ ಬ್ರ್ಯಾಂಡ್ ಹಿಡಿದುಕೊಂಡು ವರ್ಷಗಟ್ಟಲೆ ಕುಡಿದವರನ್ನೂ ಅದರ ರುಚಿ ಹೇಗಿದೆ ಅಂತ ಕೇಳಿ ನೋಡಿ, ‘ಸ್ಮೂತ್ ಆಗಿದೆ’ ಅನ್ನುವುದರಿಂದ ಮುಂದೆ ಮಾತು ಹೋಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಲೋಟ ಇದ್ದಾಗಲೇ ಮೊದಲನೆಯದರ ಗುಣ ಗೊತ್ತಾಗುವುದು. ಮನೆಯಲ್ಲಿ ನಾಲ್ಕಾರು ಗೆಳೆಯರು ಸೇರಿ ಇದನ್ನು ಮಾಡಬಹುದು, ಖರ್ಚೂ ಹಂಚಿಹೋಗುತ್ತದೆ.

ಈ ಕೆಲಸದಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ನಿಯಮ ಎರಡೇ. ಯಾವ ಲೋಟದಲ್ಲಿ ಯಾವ ವಿಸ್ಕಿ ಇದೆ ಅಂತ ರುಚಿ ನೋಡುವವರಿಗೆ ಗೊತ್ತಿರಬಾರದು. ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಬಾಯಿ ಬಿಡಬಾರದು. ಉಳಿದದ್ದನ್ನೆಲ್ಲ ನಿಮ್ಮ ಮನೆಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.

ಲೇಬಲ್ ಮುಚ್ಚುವುದಕ್ಕೆ ಯಾಕಿಷ್ಟು ಒತ್ತಾಯ? ಬೆಂಗಳೂರಿನ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬಂದ ಬಾರ್ಲಿಯಿಂದ ಮಾತ್ರ ಮಾಡಿದ ವಿಸ್ಕಿ) ಬ್ರಿಟನ್ನಿನಲ್ಲಿ ಮಾರಬೇಕು ಅಂತ ಹೊರಟಾಗ, ಗ್ಲಾಸ್ಗೋ ನಗರದ ‘ಪಾಟ್ ಸ್ಟಿಲ್’ ಅನ್ನುವ ಬಾರಿನಲ್ಲಿ ಹೆಸರು ಹೇಳದೆ ಕುಡಿಸಿ ಜನರ ಅಭಿಪ್ರಾಯ ಕೇಳಿತ್ತು. 2004ರಲ್ಲಿ ಅದೇ ಗ್ಲಾಸ್ಗೋದಲ್ಲಿ ಅದು ಬಿಡುಗಡೆಯಾಯಿತು. ಬೆಂಗಳೂರಿನ ಅಂಗಡಿಗಳಿಗೆ ಬಂದದ್ದು 2010ರಲ್ಲಿ. ‘ಇಂಡಿಯಾದ್ದು’ ಅನ್ನುವ ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ ಅಲ್ಲಿನವರ ತೀರ್ಪು ಏನಾಗುತ್ತಿತ್ತೋ. ನಾವೂ ಹಾಗೇ ಅಲ್ವಾ? ಬೆಲೆ ಗೊತ್ತಾದ ಕೂಡಲೇ ನಾಲಿಗೆ ಅದಕ್ಕೆ ಹೊಂದಿಕೊಂಡುಬಿಡುತ್ತದೆ.

ಎಷ್ಟು ಜನ, ಎಷ್ಟು ವಿಸ್ಕಿ

ಆರು ಜನ, ನಾಲ್ಕು ವಿಸ್ಕಿ. ಇದಕ್ಕಿಂತ ಜಾಸ್ತಿ ಬೇಡ. ಐದನೆಯ ಲೋಟದ ಹೊತ್ತಿಗೆ ನಾಲಿಗೆ ದಣಿದಿರುತ್ತದೆ, ಆರನೆಯದರ ಬಗ್ಗೆ ಬರೆದದ್ದನ್ನು ಮಾರನೇ ದಿನ ಓದಿದರೆ ಬರೆದವರಿಗೇ ಅರ್ಥವಾಗುವುದಿಲ್ಲ.

ಒಬ್ಬರಿಗೆ ಒಂದು ವಿಸ್ಕಿ 15 ಎಂ.ಎಲ್. ಸಾಕು. ಆರು ಜನಕ್ಕೆ 90 ಎಂ.ಎಲ್., ಅಂದರೆ ಒಂದು ‘ನೈಂಟಿ’. ನಾಲ್ಕು ವಿಸ್ಕಿ ಸೇರಿ ಒಬ್ಬರ ಪಾಲಿಗೆ ಬರುವುದು 60 ಎಂ.ಎಲ್., ಒಂದು ಲಾರ್ಜ್ ಅಷ್ಟೇ, ಅದೂ ಎರಡು ಗಂಟೆಗಳ ಮೇಲೆ ಹರಡಿಕೊಂಡು. ಕರೆಯುವಾಗಲೇ ಈ ಲೆಕ್ಕ ಹೇಳಿಬಿಡಿ. ಪಾರ್ಟಿ ಅಂದುಕೊಂಡು ಬಂದವರಿಗೆ ಬೇಸರವಾಗುತ್ತದೆ, ಅವರಿಂದ ಉಳಿದವರಿಗೂ ಬೇಸರ. ನಾಲ್ಕು ಜನ ಒಂದೊಂದು ಬಾಟಲಿ ತಂದರೆ ಮುಗಿಯಿತು. ಬಾಟಲಿಯಲ್ಲಿ ಖರ್ಚಾಗುವುದು 90 ಎಂ.ಎಲ್. ಮಾತ್ರ, ಉಳಿದದ್ದು ಅವರವರ ಮನೆಗೆ ವಾಪಸ್.

ಬಾಟಲಿ ಆರಿಸುವುದು

ಇಲ್ಲಿ ಸ್ವಲ್ಪ ತಲೆ ಓಡಿಸಬೇಕು. ಕೈಗೆ ಸಿಕ್ಕಿದ ನಾಲ್ಕನ್ನು ಸಾಲಾಗಿ ಇಟ್ಟರೆ ಎಲ್ಲವೂ ಬೇರೆಬೇರೆ ಅನ್ನುವುದು ಬಿಟ್ಟು ಇನ್ನೇನೂ ಗೊತ್ತಾಗುವುದಿಲ್ಲ. ಒಂದು ಲೋಟಕ್ಕೂ ಮುಂದಿನದಕ್ಕೂ ನಡುವೆ ಸಾಧ್ಯವಾದಷ್ಟು ಒಂದೇ ಸಂಗತಿ ಬದಲಾಗಬೇಕು.

ಮೊದಲ ಸಲಕ್ಕೆ ನಾನು ಹೇಳುವ ಸಾಲು ಹೀಗಿದೆ. ಸ್ಕಾಟ್ಲೆಂಡಿನ ಗ್ಲೆನ್‌ಲಿವೆಟ್ 12, ಅಮೃತ್ ಇಂಡಿಯನ್ ಸಿಂಗಲ್ ಮಾಲ್ಟ್, ಅಮೃತ್ ಫ್ಯೂಷನ್, ಕೊನೆಗೆ ಪಾಲ್ ಜಾನ್ ಬೋಲ್ಡ್. ಮೊದಲಿನ ಎರಡರಲ್ಲೂ ಹೊಗೆ ಇಲ್ಲ, ಅಲ್ಲಿ ಹೋಲಿಸುವುದು ಎರಡು ದೇಶಗಳ ಹವೆಯನ್ನು. ಎರಡನೆಯದು ಮತ್ತು ಮೂರನೆಯದು ಒಂದೇ ಡಿಸ್ಟಿಲರಿಯವು, ಆದರೆ ಫ್ಯೂಷನ್‌ನಲ್ಲಿ ನಮ್ಮ ಬಾರ್ಲಿಯ ಜತೆ ಸ್ಕಾಟ್ಲೆಂಡಿನ ಹೊಗೆ ಹಾಕಿದ ಬಾರ್ಲಿಯೂ ಸೇರಿದೆ. ನಾಲ್ಕನೆಯದು ಗೋವಾದಲ್ಲಿ ತಯಾರಾಗುವುದು, ಅದರಲ್ಲಿ ಹೊಗೆಯದೇ ಮೇಲುಗೈ. ಈ ಹೊಗೆ ಬರುವುದು ಪೀಟ್‌ನಿಂದ. ಪೀಟ್ ಅಂದರೆ ಜೌಗು ನೆಲದಲ್ಲಿ ಗಿಡಗಂಟಿ ಅರೆಕೊಳೆತು ಸಾವಿರಾರು ವರ್ಷ ಗಟ್ಟಿಯಾದ ಮಣ್ಣು. ಮೊಳಕೆ ಬಂದ ಬಾರ್ಲಿಯನ್ನು ಅದರ ಬೆಂಕಿಯಲ್ಲಿ ಒಣಗಿಸುತ್ತಾರೆ, ಆ ವಾಸನೆ ಬಾಟಲಿಯ ತನಕ ಉಳಿಯುತ್ತದೆ.

ಬಾಟಲಿಯ ಮೇಲಿನ ವಯಸ್ಸು, ಅಂದರೆ ವಿಸ್ಕಿ ಮರದ ಪೀಪಾಯಿಯಲ್ಲಿ ಕಳೆದ ವರ್ಷ, ನೋಡಿ ಮೊದಲೇ ಮೇಲು ಕೀಳು ಮಾಡಬೇಡಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋದರೆ, ಬೆಂಗಳೂರಿನಲ್ಲಿ ಶೇ 10ರಿಂದ 12ರಷ್ಟು ಹೋಗುತ್ತದೆ. ಬಿಸಿಲಿಗೆ ವಿಸ್ಕಿ ಮರದೊಳಗೆ ಹೊಕ್ಕು ಹೊರಬರುವುದೂ ಬೇಗ, ಮಾಗುವುದೂ ಬೇಗ. ಅಲ್ಲಿ 12 ವರ್ಷ ಇಟ್ಟ ಹಾಗೆ ಇಲ್ಲಿ ಇಡಲು ಹೊರಟರೆ ಪೀಪಾಯಿಯಲ್ಲಿ ಉಳಿಯುವುದೇ ಸ್ವಲ್ಪ. ನಮ್ಮ ಮಾಲ್ಟ್‌ಗಳ ಮೇಲೆ ಹೆಚ್ಚಾಗಿ ವಯಸ್ಸು ಬರೆದಿರುವುದಿಲ್ಲ, ಅದು ಮುಚ್ಚಿಡುವ ಸಂಗತಿ ಏನೂ ಅಲ್ಲ.

ಮನೆಯಲ್ಲಿ ಏನೇನು ಬೇಕು

ಲೋಟ ಮುಖ್ಯ. ಕೆಳಗೆ ಅಗಲ, ಬಾಯಿ ಕಿರಿದು ಇರಬೇಕು, ಆಗ ವಾಸನೆ ಒಳಗೇ ನಿಲ್ಲುತ್ತದೆ. ಗ್ಲೆನ್‌ಕೇರ್ನ್ ಅಂತ ಇದಕ್ಕೆಂದೇ 2001ರಲ್ಲಿ ಬಂದ ಗ್ಲಾಸ್ ಇದೆ. ಅದಿಲ್ಲದಿದ್ದರೆ ಚಿಕ್ಕ ವೈನ್ ಗ್ಲಾಸ್ ನಡೆಯುತ್ತದೆ, ಆದರೆ ನಾಲ್ಕೂ ಒಂದೇ ನಮೂನೆಯವು ಇರಲಿ. ದಪ್ಪ ತಳದ ಅಗಲ ಬಾಯಿಯ ಗ್ಲಾಸ್ ಕೈಯಲ್ಲಿ ಹಿಡಿಯಲು ಚೆಂದ, ಮೂಗಿಗೆ ಪ್ರಯೋಜನವಿಲ್ಲ.

ಅಳತೆಗೆ ಮಕ್ಕಳ ಸಿರಪ್ ಬಾಟಲಿಯ ಮೇಲೆ ಬರುವ ಪ್ಲಾಸ್ಟಿಕ್ ಮುಚ್ಚಳ ಸಾಕು. ಅದರಲ್ಲಿ 5, 10, 15 ಅಂತ ಗೆರೆ ಇರುತ್ತದೆ. ಚೆನ್ನಾಗಿ ತೊಳೆದು ಒಂದು ದಿನ ಬಿಸಿಲಿಗಿಡಿ, ಇಲ್ಲದಿದ್ದರೆ ಎಲ್ಲ ವಿಸ್ಕಿಯಲ್ಲೂ ಕೆಮ್ಮಿನ ಔಷಧಿಯೇ ಸಿಗುತ್ತದೆ. ಮೆಡಿಕಲ್ ಶಾಪಿನಿಂದ ಸೂಜಿಯಿಲ್ಲದ 5 ಎಂ.ಎಲ್. ಸಿರಿಂಜ್ ಒಂದು ತನ್ನಿ, ನೀರು ಹಾಕಲು. ನೀರು ಫಿಲ್ಟರ್‌ದೋ ಬಾಟಲಿಯದೋ ಇರಲಿ. ಬೋರ್‌ವೆಲ್ ನೀರಿನ ಉಪ್ಪು, ನಲ್ಲಿ ನೀರಿನ ಕ್ಲೋರಿನ್ ಎರಡೂ ವಿಸ್ಕಿಯಲ್ಲಿ ಎದ್ದು ಕಾಣುತ್ತವೆ. ಆಮೇಲೆ ಹಳೇ ಪೇಪರ್, ರಬ್ಬರ್ ಬ್ಯಾಂಡ್, ಅಂಟಿಸುವ ಚೀಟಿ, ತಲೆಗೊಂದು ಪೆನ್ಸಿಲ್, ಉಗಿಯಲು ತಲೆಗೊಂದು ಪೇಪರ್ ಕಪ್. ಉಗಿಯುವುದರಲ್ಲಿ ನಾಚಿಕೆಯೇನಿಲ್ಲ, ಅದೇ ಕಸುಬಿನವರೂ ಉಗಿಯುತ್ತಾರೆ.

ಇನ್ನು ಕೋಣೆ. ಆ ದಿನ ಊದುಬತ್ತಿ ಬೇಡ, ಮಲ್ಲಿಗೆ ಬೇಡ, ಸೆಂಟು ಬೇಡ. ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಬಿದ್ದರೆ ಅರ್ಧ ಗಂಟೆ ಕೆಲಸ ನಿಲ್ಲಿಸಬೇಕಾಗುತ್ತದೆ. ಬಂದವರು ಖಾಲಿ ಹೊಟ್ಟೆಯಲ್ಲಿ ಇರಬಾರದು, ಮೊದಲೇ ಅನ್ನ ತಿಳಿಸಾರೋ ಚಪಾತಿ ಪಲ್ಯವೋ ತಿಂದಿರಲಿ. ಕಾಂಗ್ರೆಸ್ ಕಡಲೆಕಾಯಿ ಬೀಜ, ಖಾರಾ ಮಂಡಕ್ಕಿ, ಚಿಲ್ಲಿ ಚಿಕನ್ ಎಲ್ಲ ಕೊನೆಗೆ. ನಡುವೆ ನಂಚಿಕೊಳ್ಳಲು ಬರೀ ಬ್ರೆಡ್ಡು, ನೀರು.

ಸುರಿಯುವುದು

ಸುರಿಯುವವರು ಒಬ್ಬರೇ, ಅವರು ರುಚಿ ನೋಡುವವರ ಗುಂಪಿನಲ್ಲಿ ಇರಬಾರದು. ಕುಡಿಯದ ಗೆಳೆಯರಿದ್ದರೆ ಈ ಕೆಲಸ ಅವರಿಗೇ ಕೊಡಿ. ನಮ್ಮ ಮನೆಯಲ್ಲಿ ಅತ್ತಿಗೆ ಮಾಡುತ್ತಾರೆ. ಅವರು ಒಂದು ಹನಿ ಬಾಯಿಗೆ ಹಾಕಿದವರಲ್ಲ. ಬಾಟಲಿಗಳನ್ನು ಅಡುಗೆಮನೆಗೆ ಒಯ್ದು, ಕತ್ತಿನ ತನಕ ಪೇಪರ್ ಸುತ್ತಿ, ಲೋಟದ ತಳಕ್ಕೆ ನಂಬರ್ ಚೀಟಿ ಅಂಟಿಸಿ, ಮುಚ್ಚಳದ 15ರ ಗೆರೆಗೆ ಕಣ್ಣು ಸಮ ಹಿಡಿದು ಸುರಿಯುತ್ತಾರೆ. ಯಾವ ನಂಬರ್ ಯಾವುದು ಅಂತ ಬರೆದ ಚೀಟಿ ಸಕ್ಕರೆ ಡಬ್ಬಿಯ ಕೆಳಗೆ. ಒಮ್ಮೆ ಸುರಿಯುವಾಗ ಒಂದು ಲೋಟ ಮೂಸಿ, ‘ಇದ್ಯಾಕೆ ಕೊಬ್ಬರಿ ಮಿಠಾಯಿ ವಾಸನೆ ಬರ್ತಿದೆ?’ ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅಮೆರಿಕದ ಓಕ್ ಮರದಲ್ಲಿ ತೆಂಗಿನಕಾಯಿಯ ಪರಿಮಳ ಕೊಡುವ ಅಂಶ ಜಾಸ್ತಿ, ಬರ್ಬನ್ ಅನ್ನುವ ಅಮೆರಿಕದ ವಿಸ್ಕಿ ತುಂಬಿದ್ದ ಪೀಪಾಯಿಯಲ್ಲಿ ಮಾಗಿದ ವಿಸ್ಕಿಗೆ ಅದು ಇಳಿದು ಬರುತ್ತದೆ. ಒಳ್ಳೆಯ ಮೂಗಿಗೆ ಕುಡಿದ ಅನುಭವ ಬೇಕೇಬೇಕು ಅಂತಿಲ್ಲ.

ಹೊಗೆ ಇರುವವನ್ನು ಕೊನೆಗೇ ಇಡಬೇಕು. ಮೊದಲೇ ಬಂದರೆ ಆಮೇಲಿನ ಎಲ್ಲದರಲ್ಲೂ ಹೊಗೆಯೇ ಕಾಣುತ್ತದೆ. ಮೊದಲಿನ ಎರಡನ್ನು ಸುರಿಯುವವರು ಬೇಕಾದಂತೆ ಅದಲುಬದಲು ಮಾಡಲಿ. ಸುರಿದ ಮೇಲೆ ಲೋಟದ ಬಾಯಿಗೆ ಚಿಕ್ಕ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ.

ಮೂಗು, ಆಮೇಲೆ ನಾಲಿಗೆ

ಬಣ್ಣ ನೋಡಿ ಏನೂ ಬರೆಯಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲೇ ಅವಕಾಶವಿದೆ, ಹಾಗಾಗಿ ಕಪ್ಪಗಿದ್ದದ್ದೆಲ್ಲ ಹಳೆಯದಲ್ಲ.

ಲೋಟದೊಳಗೆ ಮೂಗು ತೂರಿಸಬೇಡಿ, ಘಾಟು ಹೊಡೆದು ಐದು ನಿಮಿಷ ಏನೂ ಗೊತ್ತಾಗುವುದಿಲ್ಲ. ಬಾಯಿ ತುಸು ತೆರೆದುಕೊಂಡು, ಲೋಟವನ್ನು ಗದ್ದದ ಹತ್ತಿರ ಹಿಡಿದು, ನಿಧಾನ ಮೇಲೆ ತನ್ನಿ. ಮೂಗು ಸೋತಿತು ಅನ್ನಿಸಿದರೆ ನಿಮ್ಮದೇ ಅಂಗಿಯ ತೋಳು ಮೂಸಿ, ಮತ್ತೆ ಸರಿಹೋಗುತ್ತದೆ.

ಮೇಜಿನ ಮೇಲೆ ಚಿಕ್ಕ ಬಟ್ಟಲುಗಳಲ್ಲಿ ಬೆಲ್ಲ, ಲವಂಗ, ಏಲಕ್ಕಿ, ಒಣದ್ರಾಕ್ಷಿ, ಒಣಕೊಬ್ಬರಿ, ಬಾಳೆಹಣ್ಣಿನ ಒಂದು ಚೂರು ಇಡಿ. ಇದು ತುಂಬಾ ಕೆಲಸಕ್ಕೆ ಬರುತ್ತದೆ. ‘ಏನೋ ಗೊತ್ತಿರುವ ವಾಸನೆ, ಹೆಸರು ಬರ್ತಿಲ್ಲ’ ಅಂತ ಒದ್ದಾಡುವಾಗ ಒಂದೊಂದೇ ಬಟ್ಟಲು ಮೂಸಿ ಮತ್ತೆ ಲೋಟಕ್ಕೆ ಬಂದರೆ ಹೆಸರು ಸಿಗುತ್ತದೆ. ಇವೆಲ್ಲ ಬರೀ ಕಲ್ಪನೆಯಲ್ಲ. ಬಾಳೆಹಣ್ಣಿನ ವಾಸನೆ ಹುಳಿ ಬರುವ ಹಂತದಲ್ಲಿ ಹುಟ್ಟುವ ಎಸ್ಟರ್ ಅನ್ನುವ ಅಂಶದಿಂದ, ಲವಂಗ ಮತ್ತು ವೆನಿಲಾ ಓಕ್ ಮರದಿಂದ, ದ್ರಾಕ್ಷಿ ಅಂಜೂರ ಹೆಚ್ಚಾಗಿ ಶೆರಿ ಅನ್ನುವ ಸ್ಪೇನ್ ದೇಶದ ವೈನ್ ತುಂಬಿದ್ದ ಪೀಪಾಯಿಯಿಂದ. ಇಂಗ್ಲಿಷ್ ಪುಸ್ತಕದಲ್ಲಿ ಕಂಡ ಹೆದರ್ ಹೂವು, ನಾವು ತಿನ್ನದ ಹಣ್ಣು ಇದನ್ನೆಲ್ಲ ಬರೆಯಬೇಕಿಲ್ಲ. ಬಚ್ಚಲ ಒಲೆ, ಡೆಟಾಲ್, ಜೋನಿಬೆಲ್ಲ, ಹಲಸಿನ ತೊಳೆ ಅಂತಲೇ ಬರೆಯಿರಿ.

ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ನಾಲಿಗೆಯನ್ನು ಒಗ್ಗಿಸಲು. ಎರಡನೆಯದನ್ನು ಬಾಯಲ್ಲಿ ಐದಾರು ಸೆಕೆಂಡ್ ಹೊರಳಾಡಿಸಿ, ನುಂಗಿ ಅಥವಾ ಉಗಿದು, ಮೂಗಿನಿಂದ ಉಸಿರು ಬಿಡಿ. ಎಷ್ಟೋ ರುಚಿ ಆ ಉಸಿರಿನಲ್ಲೇ ಗೊತ್ತಾಗುವುದು. ಎಷ್ಟು ಹೊತ್ತು ಉಳಿಯಿತು, ಕೊನೆಗೆ ಸಿಹಿಯೋ ಒಗರೋ ಅಂತ ಬರೆದುಕೊಳ್ಳಿ.

ಈಗ ನೀರು. ಲೋಟದಲ್ಲಿ ಸುಮಾರು 10 ಎಂ.ಎಲ್. ಉಳಿದಿದೆ ಅಂದುಕೊಳ್ಳಿ. ಶೇ 46 ಆಲ್ಕೋಹಾಲ್ ಇರುವುದನ್ನು ಶೇ 40ಕ್ಕೆ ಇಳಿಸಲು ಒಂದೂವರೆ ಎಂ.ಎಲ್. ನೀರು ಸಾಕು, ಶೇ 50ರ ಫ್ಯೂಷನ್‌ಗೆ ಎರಡೂವರೆ. ಸುರಿದವರೇ ಸಿರಿಂಜ್ ಹಿಡಿದು ಹಾಕಲಿ, ಯಾಕೆಂದರೆ ಲೆಕ್ಕ ಗೊತ್ತಿರುವುದು ಅವರಿಗೆ ಮಾತ್ರ. ಎಲ್ಲವೂ ಒಂದೇ ಮಟ್ಟಕ್ಕೆ ಬಂದ ಮೇಲೆ ಹೋಲಿಸಿದರೆ ನ್ಯಾಯ. ಇಲ್ಲದಿದ್ದರೆ ಜಾಸ್ತಿ ಉರಿಯುವುದನ್ನೇ ‘ಖಡಕ್’ ಅಂತ ಮೆಚ್ಚಿಬಿಡುತ್ತೇವೆ. ನೀರು ಹಾಕಿದರೆ ವಿಸ್ಕಿ ಕೆಟ್ಟಿತು ಅನ್ನುವವರಿಗೆ ಒಂದು ಮಾತು: ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಅನ್ನುವ ಅಂಶ ನೀರು ಬೆರೆತಾಗ ಮೇಲ್ಮೈಗೆ ಬರುತ್ತದೆ ಅಂತ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಿದ್ದಾರೆ. ಐಸ್ ಮಾತ್ರ ಬೇಡ, ತಣ್ಣಗಾದರೆ ಪರಿಮಳ ಏಳುವುದಿಲ್ಲ. ನೀರು ಬಿದ್ದ ಕೂಡಲೇ ಕೆಲವು ಲೋಟ ಮಬ್ಬಾಗಬಹುದು. ತಣಿಸಿ ಸೋಸದ ವಿಸ್ಕಿ ಹಾಗೆಯೇ, ಕೆಟ್ಟಿಲ್ಲ.

ಬರೆದ ಮೇಲೆ ಮಾತು

ಮಾತಿಗೆ ಕೂತಾಗ ಹೊಸಬರು ಮೊದಲು, ಎಲ್ಲ ಬಲ್ಲವರು ಕೊನೆಗೆ. ‘ಇದರಲ್ಲಿ ಶೆರಿ ಇದೆ’ ಅಂತ ಅನುಭವಸ್ಥರು ಒಮ್ಮೆ ಅಂದುಬಿಟ್ಟರೆ ಉಳಿದ ಐದೂ ಜನಕ್ಕೆ ಶೆರಿಯೇ ಸಿಗುತ್ತದೆ, ತಾವು ಬರೆದುಕೊಂಡ ಬಾಳೆಹಣ್ಣನ್ನು ಸುಮ್ನೆ ಅಳಿಸಿಬಿಡುತ್ತಾರೆ. ಅದು ನನಗೆ ನಿಜಕ್ಕೂ ಸಂಕಟದ ವಿಷಯ, ಆ ಬಾಳೆಹಣ್ಣು ಸರಿಯಾಗಿಯೇ ಇರುತ್ತದೆ. ನೂರಕ್ಕೆ ಇಷ್ಟು ಅಂತ ಅಂಕ ಕೊಡಬೇಡಿ, ಬರೀ ಒಂದರಿಂದ ನಾಲ್ಕರ ತನಕ ಸ್ಥಾನ ಕೊಡಿ, ಕೂಡಿಸಿ, ಆಮೇಲೆ ಸಕ್ಕರೆ ಡಬ್ಬಿ ಎತ್ತಿ.

ಇನ್ನೂ ಉತ್ಸಾಹವಿದ್ದರೆ ಮೂರು ಲೋಟದ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಬೇರೆ, ತಲಾ 5 ಎಂ.ಎಲ್. ಬೇರೆ ಯಾವುದು ಅಂತ ಹೇಳಬೇಕು. ಹೊಗೆ ಇರುವುದನ್ನು ಸೇರಿಸಿದರೆ ಎಲ್ಲರೂ ಗೆಲ್ಲುತ್ತಾರೆ. ಹೊಗೆ ಇಲ್ಲದ ಎರಡನ್ನು ಇಟ್ಟರೆ ಕೋಣೆ ಪೂರ್ತಿ ಗಂಭೀರವಾಗುತ್ತದೆ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಮ್ಮೆ ಗೆದ್ದರೆ ಸಾಲದು, ಮತ್ತೆ ಮಾಡಿಸಿ.

ಮನೆಗೆ ಹೋಗುವಾಗ

ಗಾಡಿ ತರಲೇಬೇಡಿ ಅಂತ ಮೊದಲೇ ಹೇಳಿ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ, ಒಂದು ಲಾರ್ಜ್‌ಗೇ ಅದು ದಾಟಬಹುದು. ಆಟೋ, ಕ್ಯಾಬ್, ಮೆಟ್ರೋ ಇವೆ. ಮಾತ್ರೆ ತೆಗೆದುಕೊಳ್ಳುವವರು ಮೂಸಿ ಬರೆಯಲಿ, ಅಷ್ಟರಲ್ಲೇ ಅರ್ಧ ಕೆಲಸ ಆಗಿರುತ್ತದೆ.

ಇಷ್ಟವಾದದ್ದನ್ನು ಹಂಚಿಕೊಳ್ಳಲು 30 ಎಂ.ಎಲ್.ನ ಗಾಜಿನ ಪುಟ್ಟ ಬಾಟಲಿ ಒಳ್ಳೆಯದು, ಹೋಮಿಯೋಪತಿ ಔಷಧಿಗೆ ಬಳಸುವಂಥದ್ದು, ಹೊಸದು. ಹೆಸರು, ಆಲ್ಕೋಹಾಲ್ ಎಷ್ಟು, ತುಂಬಿದ ದಿನ ಮೂರನ್ನೂ ಬರೆದು ಅಂಟಿಸಿ. ಸುಮ್ನೆ ಕೊಡಿ, ದುಡ್ಡಿಗೆ ಕೊಡಬೇಡಿ, ಲೈಸೆನ್ಸ್ ಇಲ್ಲದೆ ಮಾರುವುದು ಅಪರಾಧ. ದೊಡ್ಡ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಇಡಿ, ಮಲಗಿಸಿದರೆ ಕಾರ್ಕ್ ಹಾಳಾಗುತ್ತದೆ. ಕಾಲು ಭಾಗಕ್ಕಿಂತ ಕಡಿಮೆ ಉಳಿದದ್ದು ಒಳಗಿನ ಗಾಳಿಗೆ ಬೇಗ ಸಪ್ಪೆಯಾಗುತ್ತದೆ, ಮುಂದಿನ ಸಲಕ್ಕೆ ಮೊದಲು ತೆಗೆಯಬೇಕಾದ್ದು ಅದನ್ನೇ.