ಮಾತ್ರೆ ಒಗ್ಗಿಹೋಯಿತು ಅನ್ನಿಸಿದಾಗ ಏನು ಮಾಡಬೇಕು

ಎಡಿಎಚ್‌ಡಿಗೆ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆಗೆ, ಮಾತ್ರೆ ಶುರು ಮಾಡಿ ಅದು ನಾಲ್ಕನೇ ತಿಂಗಳು. ಬೆಳಿಗ್ಗೆ ಎಂಟಕ್ಕೆ ನುಂಗಿದ್ದೆ. ಹತ್ತೂವರೆ ಆಗಿತ್ತು. ಕರಡು ತಿದ್ದುವುದು ನನ್ನ ಕೆಲಸ. ಎದುರಿಗೆ ನಲವತ್ತು ಪುಟ ಇತ್ತು, ನಾನು ಮೂರನೇ ಪುಟದ ಒಂದೇ ಸಾಲನ್ನು ಆರನೇ ಸಲ ಓದುತ್ತಿದ್ದೆ. ಎದೆ ಧಸಕ್ಕೆಂದಿತು. ಮಾತ್ರೆ ಮೈಗೆ ಒಗ್ಗಿಹೋಗಿದೆ, ಇನ್ನು ಇದು ನಾಟುವುದಿಲ್ಲ ಅನ್ನಿಸಿತು.

ನನಗೆ ಎಡಿಎಚ್‌ಡಿ ಇದೆ ಅಂತ ಗೊತ್ತಾದದ್ದು 36ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಾನು ಸೋಮಾರಿ ಅಂತಲೇ ನಂಬಿದ್ದೆ. ಮೀಥೈಲ್‌ಫೆನಿಡೇಟ್ ಅನ್ನುವ ಈ ಮಾತ್ರೆ ಶುರುವಾದ ಮೊದಲ ವಾರ, ಒಂದು ಕೆಲಸ ಹಿಡಿದು ಅದನ್ನೇ ಮುಗಿಸಿ ಎದ್ದಾಗ ಅಳು ಬಂದಿತ್ತು. ಅಂಥದ್ದು ಕೈತಪ್ಪುತ್ತಿದೆ ಅನ್ನಿಸಿದರೆ ಎಷ್ಟು ಭಯ ಆಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆ ಅಲ್ಲ. ಐದು ವರ್ಷದಿಂದ ಈ ಮಾತ್ರೆ ನುಂಗುತ್ತಾ, ಅದರ ಲೆಕ್ಕ ಬರೆದಿಡುತ್ತಾ ಬಂದವಳು.

ಮೊದಲಿಗೆ, ಮಾಡಬಾರದ್ದು

ಆವತ್ತು ನಾನು ಯಾರನ್ನೂ ಕೇಳದೆ ಹನ್ನೊಂದಕ್ಕೆ ಇನ್ನೊಂದು ಮಾತ್ರೆ ನುಂಗಿದೆ. ಒಂದು ಗಂಟೆಯ ಹೊತ್ತಿಗೆ ಎದೆಬಡಿತ ಕಿವಿಯಲ್ಲೇ ಕೇಳಿಸುತ್ತಿತ್ತು. ದವಡೆ ಬಿಗಿದಿತ್ತು, ಕೈ ತಣ್ಣಗಾಗಿತ್ತು. ಗಮನ ಬಂತು, ಆದರೆ ಬೇಕಾದ ಕಡೆ ಬರಲಿಲ್ಲ. ಕರಡು ಬಿಟ್ಟು ಕಂಪ್ಯೂಟರಿನಲ್ಲಿ ಹಳೆಯ ಫೈಲುಗಳ ಹೆಸರು ಬದಲಿಸುತ್ತಾ ಮೂರು ಗಂಟೆ ಕೂತಿದ್ದೆ. ರಾತ್ರಿ ಮೂರರವರೆಗೆ ನಿದ್ದೆ ಇಲ್ಲ. ನಿದ್ದೆಗೆಟ್ಟ ಕಾರಣ ಮರುದಿನ ಮಾತ್ರೆ ಇನ್ನೂ ಕಡಿಮೆ ನಾಟಿತು. ಆಗ ಮತ್ತೆ ಎರಡು ನುಂಗೋಣ ಅನ್ನಿಸಿತು.

ಈ ಸುಳಿ ಎಷ್ಟು ಬೇಗ ಸುತ್ತಿಕೊಳ್ಳುತ್ತದೆ ನೋಡಿ. ಎರಡೇ ದಿನ. ದಯವಿಟ್ಟು ನೀವಾಗಿಯೇ ಡೋಸ್ ಏರಿಸಬೇಡಿ. ಇನ್ನೊಬ್ಬರ ಮಾತ್ರೆ ತೆಗೆದುಕೊಳ್ಳಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಬೇಗ ನಾಟಲಿ ಅಂತ ಪುಡಿ ಮಾಡಬೇಡಿ, ಅಗಿಯಬೇಡಿ. ದಿನವಿಡೀ ಹಂಚಿ ಬರಬೇಕಾದ ಔಷಧ ಒಂದೇ ಸಲಕ್ಕೆ ಮೈಗೆ ಇಳಿಯುತ್ತದೆ.

ಇನ್ನೊಂದು ಮಾತು. ಡೋಸ್ ಜಾಸ್ತಿ ಆದಾಗಲೂ 'ಮಾತ್ರೆ ಕೆಲಸ ಮಾಡುತ್ತಿಲ್ಲ' ಅಂತಲೇ ಅನ್ನಿಸಬಹುದು. ಚಡಪಡಿಕೆ, ಸಿಡುಕು, ಮನಸ್ಸು ಮರಗಟ್ಟಿದ ಹಾಗೆ ಆಗುವುದು, ಬೇಡದ ಕೆಲಸಕ್ಕೆ ಅಂಟಿಕೊಳ್ಳುವುದು, ಇವೆಲ್ಲ ಡೋಸ್ ಮಿತಿ ದಾಟಿದ ಲಕ್ಷಣಗಳಿರಬಹುದು. ಅಂಥವರು ಇನ್ನೂ ಏರಿಸಿಕೊಂಡರೆ ಏನಾಗುತ್ತದೆ ಯೋಚಿಸಿ.

ಒಗ್ಗಿಹೋಗುವುದು ಅಂದರೆ ಏನೇನು

ಟಾಲರೆನ್ಸ್ ಅನ್ನುವ ಒಂದೇ ಪದದಲ್ಲಿ ನಾವು ಬೇರೆ ಬೇರೆ ಸಂಗತಿಗಳನ್ನು ತುರುಕುತ್ತೇವೆ. ಅವನ್ನು ಬಿಡಿಸಿ ನೋಡಿದಾಗಲೇ ನನ್ನ ಭಯ ಅರ್ಧ ಇಳಿದದ್ದು.

ಮೊದಲನೆಯದು, ಆರಂಭದ ಆ ಹೊಳಪು. ಮೊದಲ ವಾರಗಳಲ್ಲಿ ಒಂದು ಬಗೆಯ ಉಲ್ಲಾಸ ಇರುತ್ತದೆ, ಹಸಿವು ಇಂಗಿರುತ್ತದೆ, ಮಾತ್ರೆ ಮೈಗೆ ಹತ್ತಿದ್ದು ಗೊತ್ತಾಗುತ್ತದೆ. ಇದು ಮಾಸಿಹೋಗುತ್ತದೆ. ಮಾಸಬೇಕಾದದ್ದೇ. ಗಮನಕ್ಕೆ ಸಿಗುವ ಸಹಾಯ ಇದರಿಂದ ಬೇರೆ. ಅನೇಕರಿಗೆ ಒಂದೇ ಡೋಸ್‌ನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ 'ಮಾತ್ರೆ ಹಿಡಿದದ್ದು ಗೊತ್ತಾಗುತ್ತಿದೆಯಾ?' ಅಂತ ಕೇಳಿಕೊಳ್ಳಬೇಡಿ. 'ಇವತ್ತು ಕೂತ ಕೆಲಸ ಮುಗಿಯಿತಾ?' ಅಂತ ಕೇಳಿಕೊಳ್ಳಿ. ಆ ಬೆಳಿಗ್ಗೆ ನಾನು ಹುಡುಕುತ್ತಿದ್ದದ್ದು ಮೊದಲ ವಾರದ ಆ ಹೊಳಪನ್ನೇ ಇರಬೇಕು ಅಂತ ಈಗ ಅನ್ನಿಸುತ್ತದೆ.

ಎರಡನೆಯದು ಒಂದೇ ದಿನದೊಳಗೆ ನಡೆಯುವುದು. ರಕ್ತದಲ್ಲಿ ಮೀಥೈಲ್‌ಫೆನಿಡೇಟ್ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಮಟ್ಟದಲ್ಲಿದ್ದರೆ ಮಧ್ಯಾಹ್ನದ ಹೊತ್ತಿಗೆ ಅದರ ಪರಿಣಾಮ ಕುಗ್ಗುತ್ತದೆ ಅಂತ 1990ರ ದಶಕದ ಸಂಶೋಧನೆಯಲ್ಲಿ ಕಂಡುಬಂತು. ಅದಕ್ಕೇ ಕಾನ್ಸರ್ಟಾ ಅನ್ನುವ, ನಿಧಾನವಾಗಿ ಬಿಡುಗಡೆಯಾಗುವ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ಬೇರೆ ರೀತಿ ಕಟ್ಟಿದರು. ಶೇ 22ರಷ್ಟು ಔಷಧ ಹೊರಗಿನ ಲೇಪದಲ್ಲಿದೆ, ಅದು ತಕ್ಷಣ ಕರಗುತ್ತದೆ. ಉಳಿದದ್ದನ್ನು ಒಳಗಿನ ಪುಟ್ಟ ಪಂಪು ಗಂಟೆ ಕಳೆದಂತೆ ಹೆಚ್ಚುತ್ತಾ ಹೋಗುವ ಹಾಗೆ ತಳ್ಳುತ್ತದೆ. ಖಾಲಿಯಾದ ಚಿಪ್ಪು ಮಲದಲ್ಲಿ ಹಾಗೇ ಹೊರಬರುತ್ತದೆ. ಅದನ್ನು ಕಂಡು ಮಾತ್ರೆ ಕರಗಲೇ ಇಲ್ಲ ಅಂತ ಗಾಬರಿ ಆಗುವವರಿದ್ದಾರೆ. ಆಗಬೇಡಿ, ಔಷಧ ಒಳಗೇ ಹೋಗಿದೆ. ದಿನದೊಳಗಿನ ಈ ಒಗ್ಗುವಿಕೆ ರಾತ್ರಿ ಕಳೆದರೆ ಇಳಿಯುತ್ತದೆ.

ಮೂರನೆಯದು, ತಿಂಗಳು ವರ್ಷಗಳಲ್ಲಿ ಆಗುವ ನಿಜವಾದ ಒಗ್ಗುವಿಕೆ. ಅದು ಸುಳ್ಳಲ್ಲ. ಮೀಥೈಲ್‌ಫೆನಿಡೇಟ್ ಕೆಲಸ ಮಾಡುವುದು, ಮಿದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಅನ್ನು ಮತ್ತೆ ಕೋಶದೊಳಗೆ ಎಳೆದುಕೊಳ್ಳುವ ಸಾಗಣೆದಾರ ಪ್ರೋಟೀನುಗಳನ್ನು ತಡೆದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲು ಯಾವತ್ತೂ ಔಷಧ ತೆಗೆದುಕೊಳ್ಳದ 18 ವಯಸ್ಕರಿಗೆ 12 ತಿಂಗಳು ಈ ಚಿಕಿತ್ಸೆ ಕೊಟ್ಟರು. ಆಮೇಲೆ ಸ್ಕ್ಯಾನ್ ಮಾಡಿದಾಗ ಮಿದುಳಿನ ಒಂದು ಭಾಗದಲ್ಲಿ ಈ ಸಾಗಣೆದಾರರು ಶೇ 24ರಷ್ಟು ಹೆಚ್ಚಾಗಿದ್ದವು. ಮಿದುಳು ಹೊಂದಿಕೊಳ್ಳಲು ನೋಡುತ್ತದೆ ಅಂತ ಇದರಿಂದ ತಿಳಿಯುತ್ತದೆ. ಆದರೆ ಅದು 18 ಜನರ ಲೆಕ್ಕ, ನಿಮ್ಮ ಮಾತ್ರೆ ಕೈಕೊಡುತ್ತದೆ ಅನ್ನುವ ತೀರ್ಪಲ್ಲ. 'ಅದೆಲ್ಲ ನಿಮ್ಮ ಭ್ರಮೆ' ಅಂತ ಯಾರಾದರೂ ತಳ್ಳಿಹಾಕಿದರೆ ಮಾತ್ರ ಒಪ್ಪಬೇಡಿ.

ಎರಡು ವಾರದ ಪುಸ್ತಕ

ನನಗೆ ದಾರಿ ತೋರಿಸಿದ್ದು ಒಂದು ನೂರು ಪುಟದ ನೋಟ್‌ಬುಕ್. ವೈದ್ಯರ ಹತ್ತಿರ ಹೋಗಿ ಎರಡನೇ ಮಾತ್ರೆಯ ವಿಷಯ ಮುಚ್ಚಿಡದೆ ಹೇಳಿದೆ. ಅವರು ಬೈಯಲಿಲ್ಲ. ಹಳೆಯ ಡೋಸ್‌ಗೇ ವಾಪಸ್ ಬಂದು ಹದಿನಾಲ್ಕು ದಿನ ಬರೆದುಕೊಂಡು ಬನ್ನಿ ಅಂದರು. ಏನು ಬರೆಯಬೇಕು ಅನ್ನುವುದನ್ನು ನಾನೇ ತಿದ್ದುತ್ತಾ ಹೋಗಿ ಹೀಗೆ ನಿಂತಿತು: ಮಾತ್ರೆ ನುಂಗಿದ ಹೊತ್ತು, ಹಿಡಿದ ಹೊತ್ತು, ಬಿಟ್ಟ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ತಿಂಡಿ ತಿಂದೆನೋ ಇಲ್ಲವೋ, ಎಷ್ಟು ಕಾಫಿ, ಮುಟ್ಟಿನ ಎಷ್ಟನೇ ದಿನ, ಮತ್ತೆ ಎಣಿಸಬಹುದಾದ ಒಂದೇ ಒಂದು ಕೆಲಸ. ನನ್ನದು ಒಂಬತ್ತರಿಂದ ಹನ್ನೆರಡರೊಳಗೆ ತಿದ್ದಿದ ಪುಟಗಳು.

ಆ ಕೊನೆಯ ಕಾಲಂ ಬಿಡಬೇಡಿ. ಮನಸ್ಸಿಗೆ ಹೇಗನ್ನಿಸಿತು ಅಂತ ಮಾತ್ರ ಬರೆದರೆ ಕೆಟ್ಟ ದಿನವೊಂದು ಇಡೀ ವಾರಕ್ಕೆ ಬಣ್ಣ ಬಳಿಯುತ್ತದೆ. ಎಣಿಕೆ ಹಾಗೆ ಮೋಸ ಮಾಡುವುದಿಲ್ಲ. ನಿಮ್ಮದು ಪುಟ ಆಗಬೇಕಿಲ್ಲ. ಉತ್ತರ ಕೊಟ್ಟ ಪತ್ರ, ತೊಳೆದ ಪಾತ್ರೆ, ಮೊಬೈಲ್ ಮುಟ್ಟದೆ ಕೂತ ನಿಮಿಷ, ಏನಾದರೂ ಸರಿ. ದಿನವೂ ಅದೇ ಇರಬೇಕು, ಅಷ್ಟೆ. ಆಗಿಂದಾಗಲೇ ಬರೆಯಿರಿ. ರಾತ್ರಿ ನೆನಪು ಮಾಡಿಕೊಂಡು ಬರೆಯುವುದು ನಮ್ಮಂಥವರಿಗೆ ಆಗುವ ಮಾತಲ್ಲ, ಅಲ್ವಾ? ನಾನು ಪುಸ್ತಕವನ್ನು ಮಾತ್ರೆಯ ಡಬ್ಬಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟಿದ್ದೆ.

ಹದಿನಾಲ್ಕು ದಿನ ಆದಮೇಲೆ ಎರಡು ಸಂಗತಿ ಎದ್ದು ಕಂಡವು. ಆರು ಗಂಟೆಗಿಂತ ಹೆಚ್ಚು ನಿದ್ದೆ ಆದ ದಿನ 13, 14 ಪುಟ. ಕಡಿಮೆ ಆದ ದಿನ 5, 6. ಮುಟ್ಟಿಗೆ ಮುಂಚಿನ ನಾಲ್ಕು ದಿನ ನಿದ್ದೆ ಆದರೂ 8 ದಾಟಿರಲಿಲ್ಲ. ಮಾತ್ರೆ ಸತ್ತಿರಲಿಲ್ಲ. ಕೆಲವು ದಿನ ಅದಕ್ಕೆ ಕೆಲಸ ಮಾಡಲು ಜಾಗವೇ ಇರಲಿಲ್ಲ.

ನಿದ್ದೆಯ ವಿಷಯ ಸುಮ್ನೆ ಹೇಳುವ ಬುದ್ಧಿಮಾತಲ್ಲ. ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಡೋಪಮಿನ್ ಹಿಡಿದುಕೊಳ್ಳುವ ಗ್ರಾಹಕಗಳು ಕಡಿಮೆ ಸಿಕ್ಕಿವೆ. ಮಾತ್ರೆ ಡೋಪಮಿನ್ ಹೆಚ್ಚಿಸಿದರೂ ಅದನ್ನು ಹಿಡಿಯುವ ಕೈಗಳೇ ಕಡಿಮೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಈಸ್ಟ್ರೋಜನ್ ಅನ್ನುವ ಹಾರ್ಮೋನು ಇಳಿಯುತ್ತದೆ. ಆಗ ಔಷಧ ಕಡಿಮೆ ನಾಟುತ್ತದೆ ಅಂತ ಅನೇಕ ಹೆಂಗಸರು ಹೇಳುತ್ತಾರೆ. ಹೆಂಗಸರು ಈ ಕಾಲಂ ಖಂಡಿತ ಸೇರಿಸಿ.

ನೋಡಬೇಕಾದ ಇನ್ನಷ್ಟು

ನಿಮ್ಮ ಮಾತ್ರೆ ಎಷ್ಟು ಗಂಟೆ ಕೆಲಸ ಮಾಡಬೇಕು ಅಂತ ಗೊತ್ತಾ? ಬೇಗ ಕರಗುವ ಮೀಥೈಲ್‌ಫೆನಿಡೇಟ್ ಇರುವುದೇ ಮೂರು ನಾಲ್ಕು ಗಂಟೆ. ಎಂಟಕ್ಕೆ ನುಂಗಿ ಒಂದು ಗಂಟೆಗೆ ಕೈಬಿಟ್ಟಿತು ಅಂದರೆ ಅದರ ಅವಧಿ ಮುಗಿಯಿತು, ಅಷ್ಟೆ. ಬಿಡುವ ಹೊತ್ತಿನಲ್ಲಿ ಸಿಟ್ಟು, ಅಳು ಉಕ್ಕುವುದೂ ಉಂಟು.

ಮಾತ್ರೆಯ ಬಣ್ಣ, ಆಕಾರ, ಅದರ ಮೇಲಿನ ಅಚ್ಚು ಬದಲಾಗಿದೆಯಾ ನೋಡಿ. ಒಂದೇ ಹೆಸರಿನ, ಒಂದೇ ಮಿಲಿಗ್ರಾಮಿನ ಮಾತ್ರೆಗಳೂ ಔಷಧವನ್ನು ಬೇರೆ ಬೇರೆ ವೇಗದಲ್ಲಿ ಬಿಡಬಹುದು. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಕಾನ್ಸರ್ಟಾದ ಎರಡು ಜೆನೆರಿಕ್ ರೂಪಗಳು ಮೂಲ ಮಾತ್ರೆಯ ಬದಲಿಗೆ ಹಾಗೇ ಕೊಡುವಷ್ಟು ಸಮ ಅಂತ ಹೇಳಲಾಗದು ಅಂದಿತು. ಹಾಗಂತ ಎಲ್ಲ ಜೆನೆರಿಕ್ ಕೆಟ್ಟವು ಅಲ್ಲ. ಬದಲಾದ ದಿನ ಪುಸ್ತಕದಲ್ಲಿ ಗುರುತು ಹಾಕಿ.

ಎಡಿಎಚ್‌ಡಿಗೇ ಕೊಡುವ ಇನ್ನೊಂದು ಬಗೆಯಾದ ಆಂಫೆಟಮಿನ್ ಜಾತಿಯ ಔಷಧ ತೆಗೆದುಕೊಳ್ಳುವವರು ವಿಟಮಿನ್ ಸಿ ಮಾತ್ರೆ, ಹುಳಿ ಹಣ್ಣಿನ ರಸವನ್ನು ಅದರ ಜೊತೆಗೇ ತೆಗೆದುಕೊಳ್ಳದಿರುವುದು ಒಳ್ಳೆಯದು. ಆಮ್ಲ ಹೆಚ್ಚಾದರೆ ಆ ಔಷಧ ಮೈಯಿಂದ ಬೇಗ ಹೊರಹೋಗುತ್ತದೆ. ಅಸಿಡಿಟಿಗೆ ನುಂಗುವ ಕೆಲವು ಮಾತ್ರೆ ಇದಕ್ಕೆ ಉಲ್ಟಾ, ಔಷಧದ ಮಟ್ಟ ಏರಿಸಬಹುದು. ಮೀಥೈಲ್‌ಫೆನಿಡೇಟ್‌ಗೆ ಈ ಹುಳಿಯ ಚಿಂತೆ ಬೇಡ.

ಮತ್ತೆ ಬದುಕಿನ ಭಾರ. ಹೊಸ ಕೆಲಸ, ಮಗು, ಮನೆಯಲ್ಲಿ ಕಾಯಿಲೆ. ಮಾತ್ರೆ ಅಷ್ಟೇ ಇದೆ, ಹೊರೆ ಎರಡರಷ್ಟಾಗಿದೆ. ಖಿನ್ನತೆ, ಥೈರಾಯ್ಡ್ ತೊಂದರೆ, ರಕ್ತಹೀನತೆ ಇವೂ ಗಮನವನ್ನು ಕದಿಯುತ್ತವೆ. ಇವನ್ನು ಮಾತ್ರೆಯ ಲೆಕ್ಕಕ್ಕೆ ಬರೆದರೆ ನಿಜವಾದ ರೋಗ ಹಾಗೇ ಉಳಿಯುತ್ತದೆ. ಮಕ್ಕಳ ವಿಷಯದಲ್ಲಿ ಇನ್ನೊಂದು: ಮಗು ಬೆಳೆಯುತ್ತದೆ, ತೂಕ ಏರುತ್ತದೆ, ಶಾಲೆಯ ಕೆಲಸ ಕಠಿಣ ಆಗುತ್ತದೆ. ಡೋಸ್ ಮತ್ತೆ ನೋಡಬೇಕಾಗಿ ಬರುವುದು ಸಹಜ.

ವೈದ್ಯರ ಮುಂದೆ

'ಮಾತ್ರೆ ಕೆಲಸ ಮಾಡುತ್ತಿಲ್ಲ' ಅಂದರೆ ಅವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. 'ಎಂಟಕ್ಕೆ ನುಂಗುತ್ತೇನೆ, ಒಂಬತ್ತಕ್ಕೆ ಹಿಡಿಯುತ್ತದೆ, ಎರಡೂವರೆಗೆ ಬಿಡುತ್ತದೆ, ಆಮೇಲೆ ಸಿಡುಕು' ಅನ್ನಿ. ಆ ವಾರದ ರಕ್ತದೊತ್ತಡ, ನಾಡಿಬಡಿತ ಬರೆದುಕೊಂಡು ಹೋಗಿ. ಎಷ್ಟು ಮಾತ್ರೆ ತಪ್ಪಿತು, ಎಷ್ಟು ಹೆಚ್ಚಿಗೆ ನುಂಗಿದಿರಿ ಅನ್ನುವುದನ್ನೂ ಹೇಳಿ. ನಾಚಿಕೆ ಪಡಬೇಡಿ.

ಅವರ ಕೈಯಲ್ಲಿ ಡೋಸ್ ಏರಿಸುವುದೊಂದೇ ದಾರಿ ಅಲ್ಲ. ಹೊತ್ತು ಬದಲಿಸಬಹುದು. ಮಧ್ಯಾಹ್ನಕ್ಕೆ ಬೇಗ ಕರಗುವ ಸಣ್ಣ ಡೋಸ್ ಸೇರಿಸಬಹುದು. ಮೀಥೈಲ್‌ಫೆನಿಡೇಟ್‌ನಿಂದ ಆಂಫೆಟಮಿನ್ ಜಾತಿಗೆ ದಾಟಿಸಬಹುದು. ಮೊದಲನೆಯದು ಡೋಪಮಿನ್ ವಾಪಸ್ ಹೋಗುವುದನ್ನು ತಡೆಯುತ್ತದೆ, ಎರಡನೆಯದು ಅದರ ಜೊತೆಗೆ ಹೊಸದಾಗಿ ಹೊರಗೂ ತಳ್ಳುತ್ತದೆ. ಹಾಗಾಗಿ ಒಂದು ನಾಟದವರಿಗೆ ಇನ್ನೊಂದು ನಾಟಬಹುದು. ಅಟೊಮೊಕ್ಸೆಟಿನ್, ಗ್ವಾನ್‌ಫಸಿನ್ ಅಂಥ ಬೇರೆ ಬಗೆಯ ಔಷಧಗಳೂ ಇವೆ. ಎಲ್ಲ ದೇಶದಲ್ಲೂ ಎಲ್ಲವೂ ಸಿಗುವುದಿಲ್ಲ. ಗ್ವಾನ್‌ಫಸಿನ್ ಅನ್ನು ಮಾತ್ರ ಥಟ್ಟನೆ ನಿಲ್ಲಿಸಬಾರದು, ರಕ್ತದೊತ್ತಡ ಜಿಗಿಯುತ್ತದೆ.

ನಡುವೆ ಮಾತ್ರೆ ಬಿಟ್ಟು ಬಿಡುವು ಕೊಡುವುದು ಒಳ್ಳೆಯದಾ ಅಂತ ತುಂಬಾ ಜನ ಕೇಳುತ್ತಾರೆ. ಕೆಲವರಿಗೆ ವೈದ್ಯರೇ ಹೇಳುತ್ತಾರೆ, ಮುಖ್ಯವಾಗಿ ಹಸಿವು, ತೂಕ, ಮಕ್ಕಳ ಬೆಳವಣಿಗೆ ನೋಡಿ. ನಾನು ಅವರನ್ನು ಕೇಳಿಯೇ ಎರಡು ಭಾನುವಾರ ಬಿಟ್ಟು ನೋಡಿದೆ. ಎರಡೂ ದಿನ ಮೈ ಭಾರ, ಮನಸ್ಸು ಚೂರುಚೂರು. ಸೋಮವಾರದ ಪುಟಗಳ ಎಣಿಕೆ ಮಾತ್ರ ಬದಲಾಗಲಿಲ್ಲ. ನನಗೆ ಅದು ಬೇಡ ಅಂತ ಇಬ್ಬರೂ ತೀರ್ಮಾನಿಸಿದೆವು. ನಿಮ್ಮದು ಬೇರೆ ಇರಬಹುದು. ಕೇಳದೆ ಬಿಡಬೇಡಿ, ಬಿಟ್ಟ ದಿನ ಗಾಡಿ ಓಡಿಸುವ ಮುಂಚೆ ಯೋಚಿಸಿ.

ಪ್ರತಿ ಸಲ ಏರಿಸಿದಾಗಲೂ ಎರಡು ಮೂರು ವಾರ ನಾಟಿ ಮತ್ತೆ ಮಾಸುತ್ತಿದ್ದರೆ, ಅಥವಾ ತಿಂಗಳಿನ ಮಾತ್ರೆ ಇಪ್ಪತ್ತನೇ ದಿನಕ್ಕೇ ಮುಗಿಯುತ್ತಿದ್ದರೆ, ಮುಂದಿನ ಭೇಟಿಗೆ ಕಾಯಬೇಡಿ. ಎದೆನೋವು, ತಲೆಸುತ್ತಿ ಬೀಳುವುದು, ಇಲ್ಲದ ದನಿ ಕೇಳಿಸುವುದು ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ನನಗೆ ಏನಾಯಿತು ಅಂದರೆ, ಮೊದಲು ಒಂದು ತಿಂಗಳು ಡೋಸ್ ಮುಟ್ಟಲಿಲ್ಲ. ಹನ್ನೊಂದಕ್ಕೆ ದೀಪ ಆರಿಸುವುದು, ಎರಡು ಗಂಟೆಯ ಮೇಲೆ ಕಾಫಿ ಇಲ್ಲ, ಇಷ್ಟೇ. ಪುಟಗಳು 12ರ ಆಸುಪಾಸಿಗೆ ಬಂದು ನಿಂತವು. ಆದರೆ ಮಧ್ಯಾಹ್ನ ಎರಡೂವರೆಗೆ ಬಿಡುವುದು ಹಾಗೇ ಇತ್ತು. ನಾನಿದ್ದದ್ದು 18 ಮಿಲಿಗ್ರಾಂನಲ್ಲಿ, ಅದು ಡೋಸ್ ಏರಿಸುವ ಮೆಟ್ಟಿಲಿನ ಮೊದಲ ಹಂತ. ಅಲ್ಲಿಂದ ವೈದ್ಯರು 27ಕ್ಕೆ ಏರಿಸಿದರು. ಒಗ್ಗಿಹೋಗಿದೆ ಅಂತ ನಾನು ಹೆದರಿದ್ದ ಡೋಸ್ ನನಗೆ ಪೂರ್ತಿ ಸಾಕಾಗಿಯೇ ಇರಲಿಲ್ಲ.

ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆ ಈ ಔಷಧಗಳನ್ನು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸಲು ಹೇಳುತ್ತದೆ. ನಾನು ಆರು ತಿಂಗಳಿಗೊಮ್ಮೆ ಒಂದು ವಾರ ಅದೇ ಪುಸ್ತಕ ತೆಗೆದು ಬರೆಯುತ್ತೇನೆ. ಹೋದ ತಿಂಗಳು ಬರೆದೆ. ಮಾತ್ರೆ ಬಿಟ್ಟ ಹೊತ್ತು ಏಳೂ ದಿನ ನಾಲ್ಕರಿಂದ ನಾಲ್ಕೂ ಮುಕ್ಕಾಲರ ನಡುವೆ ಇತ್ತು. 27 ಶುರುವಾದ ಮೊದಲ ವಾರದ ಪುಟ ತಿರುಗಿಸಿ ನೋಡಿದೆ. ಅಲ್ಲೂ ಅದೇ ಹೊತ್ತು.